ಡಾಂಬರಿನ ಮೇಲೆ ಕಾಂಕ್ರೀಟ್: ಎಲ್ಲಿ ಬೇಕು, ಎಲ್ಲಿ ಬೇಡ

ಬೆಂಗಳೂರಲ್ಲಿ ಓದೋ ನಮಗೆಲ್ಲ 'ವೈಟ್‌ಟಾಪಿಂಗ್' ಅನ್ನೋ ಪದ ಸಿಲೆಬಸ್‌ಗಿಂತ ಮೊದಲು ಬಸ್ಸಲ್ಲೇ ಪರಿಚಯ ಆಗುತ್ತೆ. ಫಸ್ಟ್ ಅವರ್ ಕ್ಲಾಸಿಗೆ ತಡವಾಗಿ ಬಂದವರನ್ನ ಕೇಳಿ, "ವೈಟ್‌ಟಾಪಿಂಗ್ ನಡೀತಿದೆ ಸರ್" ಅನ್ನೋದು ಖಾಯಂ ಉತ್ತರ. 2017ರ ಸುಮಾರಿಗೆ ದೊಡ್ಡ ಮಟ್ಟದಲ್ಲಿ ಶುರುವಾದ ಈ ಕಾಮಗಾರಿ ಇವತ್ತಿಗೂ ಒಂದಲ್ಲ ಒಂದು ರಸ್ತೆಯಲ್ಲಿ ನಡೀತಾನೇ ಇದೆ. ಹಳೇ ಡಾಂಬರು ರಸ್ತೆಯ ಮೇಲೆ ಕಾಂಕ್ರೀಟಿನ ಒಂದು ಪದರ ಹಾಕೋದು, ಇಷ್ಟೇ ಅದರ ಅರ್ಥ. ಆದರೆ ಈ 'ಇಷ್ಟೇ' ಅನ್ನೋದಕ್ಕೆ ಕಿಲೋಮೀಟರಿಗೆ ಕೋಟಿಗಳ ಲೆಕ್ಕದಲ್ಲಿ ದುಡ್ಡು ಹೋಗುತ್ತೆ. ತಿಂಗಳುಗಟ್ಟಲೆ ಅಂಗಡಿಗಳು ಧೂಳು ತಿನ್ನುತ್ತವೆ, ಆಂಬುಲೆನ್ಸ್‌ಗಳು ಸುತ್ತಿ ಬಳಸಿ ಹೋಗ್ತವೆ.

ಈ ವಿಷಯದಲ್ಲಿ ಕ್ಯಾಂಟೀನಿನಲ್ಲಿ ಎರಡು ಪಕ್ಷ ಇವೆ. ಒಂದು ಪಕ್ಷ, "ಎಲ್ಲಾ ರಸ್ತೆಗೂ ಕಾಂಕ್ರೀಟ್ ಹಾಕಿಬಿಡ್ಲಿ, ಮೂವತ್ತು ವರ್ಷ ತಲೆನೋವಿಲ್ಲ" ಅನ್ನುತ್ತೆ. ಇನ್ನೊಂದು, "ಅದೆಲ್ಲ ದುಡ್ಡು ಹೊಡೆಯೋ ದಾರಿ, ಡಾಂಬರೇ ಸಾಕಿತ್ತು" ಅನ್ನುತ್ತೆ. ನಮ್ಮ ಮಾತು ಮೊದಲೇ ಹೇಳಿಬಿಡ್ತೀವಿ: ಎರಡೂ ಸರಿಯಲ್ಲ. ವೈಟ್‌ಟಾಪಿಂಗ್ ಒಳ್ಳೇ ತಂತ್ರಜ್ಞಾನ, ಆದರೆ ಅದು ಎಲ್ಲ ಕಾಯಿಲೆಗೂ ಒಂದೇ ಮಾತ್ರೆಯಲ್ಲ. ಭಾರಿ ಗಾಡಿಗಳು ಓಡಾಡೋ, ನಿಂತು ಹೊರಡೋ ರಸ್ತೆಗೆ ಅದು ಬೇಕು. ಮನೆಗಳ ಮಧ್ಯದ ಅಡ್ಡರಸ್ತೆಗೆ ಬೇಡ. ಬೇಕಾದ ಕಡೆಯೂ ನೆಲದಡಿಯ ಪೈಪುಗಳ ಕೆಲಸ ಮುಗಿಯೋ ತನಕ ಬೇಡ. ಯಾಕೆ ಅಂತ ಒಂದೊಂದಾಗಿ ನೋಡೋಣ. ಸಿವಿಲ್‌ನವರಿಗೆ ಕೆಲವು ಕಡೆ ಬೋರ್ ಆಗಬಹುದು, ಸಿಎಸ್ ಮತ್ತು ಇಸಿ ಗೆಳೆಯರಿಗೋಸ್ಕರ ಸ್ವಲ್ಪ ಸಹಿಸಿಕೊಳ್ಳಿ.

ಡಾಂಬರು ಯಾಕೆ ಸೋಲುತ್ತೆ

ಡಾಂಬರು ರಸ್ತೆ ಅಂದ್ರೆ ಪದರ ಪದರ. ಕೆಳಗೆ ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಜಲ್ಲಿ, ಅದರ ಮೇಲೆ ಬಿಟುಮೆನ್ ಬೆರೆಸಿದ ಜಲ್ಲಿ. ಚಕ್ರದ ಭಾರ ಒಂದು ಪದರದಿಂದ ಇನ್ನೊಂದಕ್ಕೆ ಹರಡ್ತಾ ಕೆಳಗಿಳಿಯುತ್ತೆ. ಇದು ಬಾಗೋ ರಸ್ತೆ. ಕೆಳಗಿನ ಮಣ್ಣು ಸ್ವಲ್ಪ ಕುಸಿದರೆ ಮೇಲಿನ ಪದರವೂ ಅದರ ಜೊತೆ ತಗ್ಗುತ್ತೆ.

ಬಿಟುಮೆನ್‌ನ ಸ್ವಭಾವ ನಮಗೆಲ್ಲ ಗೊತ್ತಿರೋದೇ. ಬಿಸಿಯಾದರೆ ಮೆತ್ತಗಾಗುತ್ತೆ, ತಣ್ಣಗಾದರೆ ಗಡುಸಾಗುತ್ತೆ. ವೇಗವಾಗಿ ಹೋಗೋ ಗಾಡಿಯ ಭಾರವನ್ನ ಅದು ಆರಾಮಾಗಿ ತಡೆದುಕೊಳ್ಳುತ್ತೆ, ಒಂದೇ ಕಡೆ ನಿಂತ ಭಾರ ಅದಕ್ಕೆ ಆಗಿಬರೋದಿಲ್ಲ. ಏಪ್ರಿಲ್ ಬಿಸಿಲಲ್ಲಿ ಬಸ್‌ಸ್ಟಾಪಿನ ಮುಂದೆ ನೋಡಿ: ಬಸ್ಸಿನ ಚಕ್ರ ನಿಲ್ಲೋ ಜಾಗದಲ್ಲಿ ಎರಡು ಉದ್ದದ ತಗ್ಗು, ಪಕ್ಕದಲ್ಲಿ ಉಬ್ಬಿ ಬಂದ ಡಾಂಬರು. ಸಿಗ್ನಲ್ ಹತ್ತಿರ ಬ್ರೇಕ್ ಹಾಕಿ ಹಾಕಿ ರಸ್ತೆ ಮಡಿಕೆ ಮಡಿಕೆಯಾಗಿರುತ್ತೆ. ಆಮೇಲೆ ಮಳೆ. ತಗ್ಗಲ್ಲಿ ನೀರು ನಿಲ್ಲುತ್ತೆ, ಚಕ್ರ ಆ ನೀರನ್ನ ಬಿರುಕಿನೊಳಕ್ಕೆ ಒತ್ತುತ್ತೆ, ಜಲ್ಲಿಯಿಂದ ಬಿಟುಮೆನ್ ಬಿಟ್ಟುಕೊಳ್ಳುತ್ತೆ. ಹೀಗೆ ಹುಟ್ಟಿದ ಗುಂಡಿ ಸ್ಕೂಟರಿನಲ್ಲಿ ಹೋಗೋ ನಮ್ಮಂಥವರ ಜೀವಕ್ಕೇ ಕಂಟಕ. ಈ ಲೇಖನದ ಹಿಂದಿರೋ ನಿಜವಾದ ಚಿಂತೆ ಅದೇ.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಹತ್ತಿರ 'ಆಶೋ ರೋಡ್ ಟೆಸ್ಟ್' ಅಂತ ದೊಡ್ಡ ಪ್ರಯೋಗ ನಡೀತು. ಪರೀಕ್ಷೆಗಂತಲೇ ಕಟ್ಟಿದ ರಸ್ತೆಗಳ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನ ಸುತ್ತಾಡಿಸಿದರು. ಅದರಿಂದ ಬಂದ ಒಂದು ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ರಸ್ತೆಗೆ ಆಗೋ ಹಾನಿ ಸುಮಾರಾಗಿ ಆಕ್ಸಲ್ ಭಾರದ ನಾಲ್ಕನೇ ಘಾತದಂತೆ ಏರುತ್ತೆ. ಸಣ್ಣ ಕಾರಿನ ಒಂದು ಆಕ್ಸಲ್ ಮೇಲೆ ಅರ್ಧ ಟನ್, ತುಂಬಿದ ಬಸ್ಸಿನ ಹಿಂದಿನ ಆಕ್ಸಲ್ ಮೇಲೆ 10 ಟನ್ ಅಂದುಕೊಳ್ಳಿ. ಭಾರ 20 ಪಟ್ಟು, ಹಾನಿ 20 × 20 × 20 × 20, ಅಂದ್ರೆ 1,60,000 ಪಟ್ಟು. ಬಸ್ಸಿನ ಆ ಒಂದು ಆಕ್ಸಲ್ ಹೋದರೆ ಕಾರಿನ ಲಕ್ಷಕ್ಕೂ ಮಿಕ್ಕಿ ಆಕ್ಸಲ್ ಹೋದ ಹಾಗೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನ 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ನೋಡೋಕೆ ಚಿಕ್ಕ ಏರಿಕೆ. ನಾಲ್ಕನೇ ಘಾತ ಹಾಕಿ ನೋಡಿದರೆ ಹಾನಿ ಸುಮಾರು 60% ಜಾಸ್ತಿ.

ಇದರ ಅರ್ಥ, ರಸ್ತೆಯನ್ನ ಕೆಡಿಸೋದು ಗಾಡಿಗಳ ಸಂಖ್ಯೆಗಿಂತ ಅವುಗಳ ಭಾರ. ಕಾರು, ಸ್ಕೂಟರ್ ಮಾತ್ರ ಓಡಾಡೋ ಬಡಾವಣೆಯ ರಸ್ತೆ ಹಾಳಾದರೆ ಅದಕ್ಕೆ ಕಾರಣ ಬಹುತೇಕ ನೀರು, ಕೆಟ್ಟ ಕೆಲಸ ಮತ್ತು ಅಗೆತ. ಆ ರೋಗಕ್ಕೆ ಕಾಂಕ್ರೀಟ್ ಔಷಧಿ ಅಲ್ಲ.

ಕಾಂಕ್ರೀಟ್ ಹೇಗೆ ಗೆಲ್ಲುತ್ತೆ

ಕಾಂಕ್ರೀಟ್ ಚಪ್ಪಡಿ ಭಾರವನ್ನ ತಾನೇ ಬಾಗಿ ಹೊರುತ್ತೆ, ಅಗಲವಾದ ಜಾಗಕ್ಕೆ ಹಂಚುತ್ತೆ. ಬಿಸಿಲಿಗೆ ಮೆತ್ತಗಾಗೋದಿಲ್ಲ. ಬಸ್ ಹತ್ತು ನಿಮಿಷ ನಿಂತರೂ ತಗ್ಗು ಬೀಳೋದಿಲ್ಲ. ಕೆಳಗೆ ಹಳೇ ಡಾಂಬರು ಇರೋದರಿಂದ ಹೊಸದಾಗಿ ತಳಪಾಯ ಹಾಕೋ ಖರ್ಚು ಉಳಿಯುತ್ತೆ. ಹಳೇ ರಸ್ತೆಯನ್ನ ಕಿತ್ತು ಬಿಸಾಡೋ ಬದಲು ಅದನ್ನೇ ಅಡಿಪಾಯ ಮಾಡಿಕೊಳ್ಳೋದು, ಇದೇ ಈ ಪದ್ಧತಿಯ ಜಾಣತನ.

ಐಡಿಯಾ ಹೊಸದೂ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಟೆರೆ ಹೋಟ್ ಊರಲ್ಲಿ 1918ರಲ್ಲೇ ಇದನ್ನ ಮಾಡಿದ್ದರು. 1991ರಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ, ಕಸ ಸುರಿಯೋ ಜಾಗಕ್ಕೆ ಹೋಗೋ ರಸ್ತೆಯ ಮೇಲೆ 5 ಸೆಂ.ಮೀ. ಮತ್ತು 9 ಸೆಂ.ಮೀ. ದಪ್ಪದ ತೆಳು ಪದರ ಹಾಕಿ ಪರೀಕ್ಷೆ ಮಾಡಿದರು. ದಿನಕ್ಕೆ ನೂರಾರು ಕಸದ ಲಾರಿ ಓಡಾಡಿದರೂ ಅದು ಎಣಿಸಿದ್ದಕ್ಕಿಂತ ಚೆನ್ನಾಗಿ ತಡೀತು. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2008ರಲ್ಲಿ ಐಆರ್‌ಸಿ ಎಸ್‌ಪಿ 76 ಅನ್ನೋ ತಾತ್ಕಾಲಿಕ ಮಾರ್ಗಸೂಚಿ ತಂದು, 2015ರಲ್ಲಿ ಅದನ್ನ ಪರಿಷ್ಕರಿಸಿತು. ದಪ್ಪ 20 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಂಪ್ರದಾಯಿಕ, 10ರಿಂದ 20 ಇದ್ದರೆ ತೆಳು, ಅದಕ್ಕಿಂತ ಕಡಿಮೆ ಇದ್ದರೆ ಅತಿ ತೆಳು ಅಂತ ಲೆಕ್ಕ.

ತೆಳು ಪದರ ನಿಲ್ಲೋದಕ್ಕೆ ಎರಡು ಗುಟ್ಟು ಇವೆ. ಒಂದು, ಹಿಡಿತ. ಹಳೇ ಡಾಂಬರನ್ನ ಮಿಲ್ಲಿಂಗ್ ಯಂತ್ರದಲ್ಲಿ ಕೆರೆದು, ಧೂಳು ಪೂರ್ತಿ ತೆಗೆದು, ಆಮೇಲೆ ಕಾಂಕ್ರೀಟ್ ಹಾಕಿದರೆ ಎರಡೂ ಅಂಟಿಕೊಂಡು ಒಂದೇ ತೊಲೆಯ ಥರ ಕೆಲಸ ಮಾಡ್ತವೆ. ಆಗ ತಟಸ್ಥ ಅಕ್ಷ ಕೆಳಗಿಳಿಯುತ್ತೆ, ಕಾಂಕ್ರೀಟಿನ ತಳದಲ್ಲಿ ಎಳೆತ ಕಡಿಮೆಯಾಗುತ್ತೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ರಸ್ತೆಯಲ್ಲಿ ಕಾಣೋದು ಹೀಗೆ. ಎರಡನೇದು, ಚಿಕ್ಕ ಚಿಕ್ಕ ಚೌಕ. ಹಗಲಲ್ಲಿ ಚಪ್ಪಡಿಯ ಮೇಲ್ಭಾಗ ಕಾದು ಹಿಗ್ಗುತ್ತೆ, ತಳ ತಣ್ಣಗಿರುತ್ತೆ. ರಾತ್ರಿ ಇದು ತಲೆಕೆಳಗು. ಚಪ್ಪಡಿ ದೊಡ್ಡದಿದ್ದಷ್ಟೂ ಈ ಬಾಗುವಿಕೆಯ ಒತ್ತಡ ಜಾಸ್ತಿ. ಅದಕ್ಕೇ ತೆಳು ಪದರದಲ್ಲಿ ಒಂದು, ಒಂದೂವರೆ ಮೀಟರಿಗೊಂದು ಗೆರೆ ಕೊಯ್ದಿರ್ತಾರೆ. ಆ ಗೆರೆಗಳು ಅಲಂಕಾರಕ್ಕಲ್ಲ. ಕಾಂಕ್ರೀಟ್ ಹೇಗಿದ್ದರೂ ಬಿರುಕು ಬಿಡುತ್ತೆ, ಆ ಬಿರುಕು ನಾವು ಹೇಳಿದ ಜಾಗದಲ್ಲೇ ಬಿಡ್ಲಿ ಅನ್ನೋ ವ್ಯವಸ್ಥೆ ಅದು. ಹಾಕಿದ ಕೆಲವು ಗಂಟೆಗಳೊಳಗೆ ಕೊಯ್ಯದೇ ಬೆಳಗ್ಗೆ ನೋಡೋಣ ಅಂತ ಬಿಟ್ಟರೆ ಬಿರುಕು ತನಗಿಷ್ಟ ಬಂದ ದಾರಿ ಹಿಡಿಯುತ್ತೆ.

ಹದಿನೈದು ಮಿಲಿಮೀಟರಿನ ಕಥೆ

ಕಾಂಕ್ರೀಟ್ ಗಟ್ಟಿ, ಆದರೆ ಕ್ಷಮಿಸೋ ಗುಣ ಅದಕ್ಕೆ ಕಡಿಮೆ. ಕಾಂಕ್ರೀಟ್ ರಸ್ತೆ ವಿನ್ಯಾಸದ ಐಆರ್‌ಸಿ 58ರಲ್ಲಿ ಒಂದು ಮುಖ್ಯ ಮಾತಿದೆ. ಚಕ್ರದಿಂದ ಬರೋ ಒತ್ತಡ ಕಾಂಕ್ರೀಟಿನ ಬಾಗುಬಲದ 45%ಗಿಂತ ಕಡಿಮೆ ಇದ್ದರೆ, ಎಷ್ಟು ಸಲ ಚಕ್ರ ಹೋದರೂ ಅದು ದಣಿಯೋದಿಲ್ಲ. ಅದೇ 55% ಆದರೆ ಸುಮಾರು ಒಂದೂಕಾಲು ಲಕ್ಷ ಸಲಕ್ಕೆ ದಣಿದು ಬಿರುಕು ಬಿಡುತ್ತೆ. 65% ಆದರೆ ಬರೀ 7,700 ಸಲ!

ಈಗ ಒಂದು ಸರಳ ಲೆಕ್ಕ ಹಾಕೋಣ. ಚಪ್ಪಡಿಯ ಒತ್ತಡ ಸುಮಾರಾಗಿ ದಪ್ಪದ ವರ್ಗಕ್ಕೆ ವಿಲೋಮ. 150 ಮಿ.ಮೀ. ದಪ್ಪಕ್ಕೆ ಒತ್ತಡ 45% ಬರೋ ಹಾಗೆ ವಿನ್ಯಾಸ ಮಾಡಿದ್ದಾರೆ ಅಂದುಕೊಳ್ಳಿ. ಹಾಕಿದ್ದು 135 ಮಿ.ಮೀ. ಒತ್ತಡ ಎಷ್ಟಾಯ್ತು? 45 × (150/135)², ಅಂದ್ರೆ 55%ಗಿಂತ ಸ್ವಲ್ಪ ಮೇಲೆ. ಹದಿನೈದು ಮಿಲಿಮೀಟರ್ ಕದ್ದರೆ, 'ಎಷ್ಟು ಸಲ ಬೇಕಾದರೂ' ಅನ್ನೋದು 'ಒಂದೂಕಾಲು ಲಕ್ಷ ಸಲ'ಕ್ಕೆ ಇಳಿಯಿತು. ದಿನಕ್ಕೆ ಸಾವಿರ ಬಸ್ ಓಡೋ ರಸ್ತೆಯಲ್ಲಿ ಅದು ನಾಲ್ಕು ತಿಂಗಳ ಮಾತು. ನಿಜವಾದ ರಸ್ತೆಯಲ್ಲಿ ಹಳೇ ಡಾಂಬರಿನ ಬಲ, ಅಂಟಿನ ಬಲ, ಚಕ್ರ ಅಂಚಿನಿಂದ ಎಷ್ಟು ದೂರ ಹೋಗುತ್ತೆ ಅನ್ನೋದೆಲ್ಲ ಸೇರೋದರಿಂದ ಇಷ್ಟು ನೇರವಾಗಿ ಆಗೋದಿಲ್ಲ. ಆದರೆ ದಿಕ್ಕು ಇದೇ. ಡಾಂಬರಿನಲ್ಲಿ ಕಳ್ಳತನ ಮಾಡಿದರೆ ರಸ್ತೆ ಬೇಗ ಸವೆಯುತ್ತೆ, ಕಾಂಕ್ರೀಟಿನಲ್ಲಿ ಮಾಡಿದರೆ ಮುರಿಯುತ್ತೆ.

ನೀರುಣಿಸೋದರ ಕಥೆಯೂ ಇದೇ. ಕಾಲೇಜಿನ ಹತ್ತಿರದ ಒಂದು ಕಾಮಗಾರಿ ನೋಡೋಕೆ ನಮ್ಮ ಸಿವಿಲ್ ಗೆಳೆಯರು ಹೋಗಿದ್ದರು. ಗೋಣಿಚೀಲ ಹಾಸಿದ್ದರು, ಆದರೆ ಮಧ್ಯಾಹ್ನದ ಬಿಸಿಲಿಗೆ ಒಣಗಿ ಬಿಳಿಚಿಕೊಂಡಿತ್ತು. "ಅಣ್ಣ, ನೀರು ಹಾಕಲ್ವಾ?" ಅಂತ ಕೇಳಿದ್ದಕ್ಕೆ ಮೇಸ್ತ್ರಿ ಹೇಳಿದ್ದು, "ಟ್ಯಾಂಕರ್ ಬಂದ್ರೆ ಹಾಕ್ತೀವಿ ಕಣಪ್ಪ. ನೀವು ಓದಿರೋರು, ಟ್ಯಾಂಕರ್ ಯಾಕೆ ಬರಲಿಲ್ಲ ಅಂತ ದೊಡ್ಡೋರನ್ನ ಕೇಳಿ." ಆ ಮೇಸ್ತ್ರಿಯ ಮಾತು ನ್ಯಾಯವಾದದ್ದು. ಕೆಲಸ ಮಾಡೋರಿಗೆ ತಪ್ಪು ಗೊತ್ತಿರುತ್ತೆ, ಸರಿಪಡಿಸೋ ಅಧಿಕಾರ ಇರೋದಿಲ್ಲ. ಮೊದಲ ಕೆಲವು ದಿನ ನೀರು ಸರಿಯಾಗಿ ಸಿಗದಿದ್ದರೆ ಎಂ40 ಅಂತ ಪತ್ರದಲ್ಲಿ ಬರೆದ ಕಾಂಕ್ರೀಟ್ ಮೇಲ್ಮೈಯಲ್ಲಿ ಎಂ40 ಆಗಿ ಉಳಿಯೋದಿಲ್ಲ.

ದುಡ್ಡಿನ ಲೆಕ್ಕ

"ಡಾಂಬರು ಅಗ್ಗ, ಕಾಂಕ್ರೀಟ್ ದುಬಾರಿ" ಅನ್ನೋದು ಅರ್ಧ ಸತ್ಯ. "ಕಾಂಕ್ರೀಟ್ ಒಂದು ಸಲ ಹಾಕಿದರೆ ಮುಗೀತು" ಅನ್ನೋದೂ ಅರ್ಧ ಸತ್ಯ. ಉದಾಹರಣೆಗೆ ನಾವೇ ಕೆಲವು ಅಂಕಿ ಇಟ್ಟುಕೊಂಡು ನೋಡೋಣ. ಡಾಂಬರಿನ ಹೊಸ ಪದರಕ್ಕೆ 1 ರೂಪಾಯಿ, ವೈಟ್‌ಟಾಪಿಂಗ್‌ಗೆ 2.5 ರೂಪಾಯಿ. ನೋಡೋ ಅವಧಿ 25 ವರ್ಷ, ಬಡ್ಡಿ ದರ 8%. ಮುಂದೆ ಮಾಡೋ ಖರ್ಚನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಬೇಕು.

ಮೊದಲನೇ ರಸ್ತೆ, ಡಾಂಬರು 5 ವರ್ಷಕ್ಕೊಮ್ಮೆ ಹಾಕಬೇಕಾದ್ದು. ಇವತ್ತಿನ ಬೆಲೆಯಲ್ಲಿ ಒಟ್ಟು ಸುಮಾರು 2.67 ರೂಪಾಯಿ. ಕಾಂಕ್ರೀಟ್ 2.5. ಹೆಚ್ಚುಕಡಿಮೆ ಸಮ.

ಎರಡನೇದು, ಬಸ್ಸು ಲಾರಿ ತುಂಬಿರೋ ರಸ್ತೆ, ಡಾಂಬರು 3 ವರ್ಷಕ್ಕೇ ಹಾಳಾಗೋದು. ಒಟ್ಟು ಸುಮಾರು 4.24 ರೂಪಾಯಿ. ಇಲ್ಲಿ ಕಾಂಕ್ರೀಟ್ ಕಣ್ಣುಮುಚ್ಚಿ ಗೆಲ್ಲುತ್ತೆ.

ಮೂರನೇದು, ಬಡಾವಣೆಯ ಒಳರಸ್ತೆ, ಡಾಂಬರು 10 ವರ್ಷ ಬಾಳೋದು. ಒಟ್ಟು ಸುಮಾರು 1.68 ರೂಪಾಯಿ. ಇಲ್ಲಿ ಕಾಂಕ್ರೀಟ್ ಹಾಕೋದು ಸುಮ್ಮನೆ ದುಡ್ಡು ಸುರಿಯೋದು.

ನಾಲ್ಕನೇದು, ಕಾಂಕ್ರೀಟ್ ಹಾಕಿ, ಪೈಪಿಗೆ ಅಂತ ಅಗೆದು, ಅರೆಬರೆ ಮುಚ್ಚಿ, 12 ವರ್ಷಕ್ಕೇ ಅದು ಹಾಳಾಗಿ ಮತ್ತೆ ಹಾಕಬೇಕಾಗಿ ಬಂದ ರಸ್ತೆ. ಒಟ್ಟು ಸುಮಾರು 3.49 ರೂಪಾಯಿ. 5 ವರ್ಷಕ್ಕೊಮ್ಮೆ ಡಾಂಬರು ಹಾಕಿದ್ದಕ್ಕಿಂತ ದುಬಾರಿ!

ಅಂಕಿಗಳು ನಮ್ಮ ಊಹೆಯವು. ನಿಮ್ಮ ಅಂಕಿ ಹಾಕಿ, ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಆದರೆ ಪಾಠ ಬದಲಾಗೋದಿಲ್ಲ. ಕಾಂಕ್ರೀಟ್ ಲಾಭವೋ ನಷ್ಟವೋ ಅನ್ನೋದನ್ನ ಎರಡು ಪ್ರಶ್ನೆ ತೀರ್ಮಾನಿಸ್ತವೆ: ಆ ರಸ್ತೆಯಲ್ಲಿ ಡಾಂಬರು ಎಷ್ಟು ವರ್ಷ ಬಾಳುತ್ತೆ, ಮತ್ತೆ ಹಾಕಿದ ಕಾಂಕ್ರೀಟನ್ನ ಅಗೆಯದೇ ಎಷ್ಟು ವರ್ಷ ಬಿಡ್ತೀವಿ. ಈ ಎರಡಕ್ಕೆ ಉತ್ತರ ಇಲ್ಲದೇ ಯಾವ ರಸ್ತೆಯನ್ನಾದರೂ ಪಟ್ಟಿಗೆ ಸೇರಿಸಿದರೆ ಅದು ಎಂಜಿನಿಯರಿಂಗ್ ಅಲ್ಲ.

ರಸ್ತೆಯ ಕೆಳಗೆ ಏನಿದೆ?

ನಮ್ಮ ಊರುಗಳ ರಸ್ತೆ ಬರೀ ರಸ್ತೆ ಅಲ್ಲ. ಅದರಡಿ ಕುಡಿಯೋ ನೀರು, ಒಳಚರಂಡಿ, ಕರೆಂಟ್ ಕೇಬಲ್, ಗ್ಯಾಸ್, ಇಂಟರ್ನೆಟ್ ಎಲ್ಲ ಇವೆ. ಒಂದೊಂದಕ್ಕೂ ಒಂದೊಂದು ಸಂಸ್ಥೆ, ಒಂದೊಂದಕ್ಕೂ ಬೇರೆ ಟೆಂಡರ್. ಡಾಂಬರು ರಸ್ತೆ ಅಗೆದರೆ ಮತ್ತೆ ತೇಪೆ ಹಾಕಬಹುದು, ಅದು ಚೆನ್ನಾಗಿ ಇರಲ್ಲ, ಆದರೂ ನಡೆಯುತ್ತೆ. ಕಾಂಕ್ರೀಟ್ ಕತ್ತರಿಸಿದರೆ ಹಾಗಲ್ಲ. ಗೆರೆಯಿಂದ ಗೆರೆಗೆ ಪೂರ್ತಿ ಚೌಕ ತೆಗೆದು, ಕೆಳಗಿನ ಪದರ ಗಟ್ಟಿ ಮಾಡಿ, ಮತ್ತೆ ಹೊಸ ಚೌಕ ಹಾಕಿ, ದಿನಗಟ್ಟಲೆ ನೀರುಣಿಸಬೇಕು. ನಾವು ದಿನಾ ನೋಡೋದು ಏನು? ಕಾಂಕ್ರೀಟಿನ ಮಧ್ಯೆ ಒಂದು ಉದ್ದದ ಸೀಳು, ಅದರಲ್ಲಿ ಮಣ್ಣು, ಮೇಲೆ ಕಪ್ಪು ಡಾಂಬರಿನ ತೇಪೆ. ಎರಡು ಮಳೆಗೆ ಅದು ಕುಸಿದು, ಪಕ್ಕದ ಚೌಕಗಳ ಅಂಚು ಆಧಾರ ಇಲ್ಲದೇ ಒಡೆಯೋಕೆ ಶುರು. ಚಪ್ಪಡಿಗೆ ಅತಿ ಹೆಚ್ಚು ಒತ್ತಡ ಬೀಳೋದೇ ಅಂಚಿನಲ್ಲಿ ಮತ್ತು ಮೂಲೆಯಲ್ಲಿ. ಒಂದು ಸೀಳು ಅಂದ್ರೆ ಎರಡು ಹೊಸ ಅಂಚು.

ಪರಿಹಾರ ಗೊತ್ತಿಲ್ಲದೇ ಇಲ್ಲ. ಬೆಂಗಳೂರಿನಲ್ಲೇ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಈ ಪೈಪು, ಕೇಬಲ್‌ಗಳನ್ನ ಫುಟ್‌ಪಾತ್ ಕೆಳಗೆ ಕೊಳವೆಗಳಲ್ಲಿ ಸಾಗಿಸಿ, ಅಲ್ಲಲ್ಲಿ ತೆರೆದು ನೋಡೋಕೆ ಚೇಂಬರ್ ಕೊಡೋ ವಿನ್ಯಾಸ ಮಾಡಿದರು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಓಡಾಡಿದವರಿಗೆ ವ್ಯತ್ಯಾಸ ಗೊತ್ತು. ಅದು ದುಬಾರಿ ನಿಜ. ಆದರೆ ಮೂವತ್ತು ವರ್ಷ ಬಾಳಬೇಕಾದ ಮೇಲ್ಪದರವನ್ನ, ಮೂರು ವರ್ಷಕ್ಕೆ ಸೋರೋ ಪೈಪಿನ ಮೇಲೆ ಹಾಕೋದು ಇನ್ನೂ ದುಬಾರಿ.

ಎತ್ತರದ ಪ್ರಶ್ನೆ

ಇನ್ನೊಂದು ತೊಂದರೆ ಡ್ರಾಯಿಂಗ್‌ನಲ್ಲಿ ಕಾಣಲ್ಲ, ಮಳೆಯಲ್ಲಿ ಕಾಣುತ್ತೆ. ಕೆರೆಯದೇ ಮೇಲೆ ಹಾಕಿದರೆ ರಸ್ತೆ ಅರ್ಧ ಅಡಿ ಎತ್ತರ ಆಗುತ್ತೆ. ಅಕ್ಕಪಕ್ಕದ ಅಂಗಡಿ, ಮನೆಯ ಹೊಸ್ತಿಲು ಅಲ್ಲೇ ಇರುತ್ತೆ. ಮೋರಿಗೆ ಹೋಗಬೇಕಾದ ನೀರು ಅಂಗಡಿಯೊಳಕ್ಕೆ ಹೋಗುತ್ತೆ. ಮ್ಯಾನ್‌ಹೋಲ್ ಮುಚ್ಚಳ ಹೊಂಡದ ಥರ ಕೆಳಗುಳಿಯುತ್ತೆ. ಕೆಳಸೇತುವೆಯಡಿಯಲ್ಲಿ ಲಾರಿ ತಾಗುತ್ತೆ. ಹೆದ್ದಾರಿಯಲ್ಲಿ ಅಂಚಿನ ಮಣ್ಣನ್ನೂ ಅಷ್ಟೇ ಎತ್ತರಿಸದಿದ್ದರೆ ರಾತ್ರಿ ಬೈಕಿನವರಿಗೆ ಆ ಅಂಚು ಜೀವಕ್ಕೇ ಅಪಾಯ. ಹಾಗಾಗಿ ಊರೊಳಗೆ ಬೇಕಾದಷ್ಟು ಕೆರೆದು, ಮೋರಿಯ ಬಾಯಿಗಳನ್ನ ಸರಿಪಡಿಸಿ, ಆಮೇಲೆ ಕಾಂಕ್ರೀಟ್ ಹಾಕಬೇಕು. ಆದರೆ ಹೆಚ್ಚು ಕೆರೆದರೆ ಅಡಿಪಾಯವಾಗಿ ಕೆಲಸ ಮಾಡಬೇಕಾದ ಡಾಂಬರೇ ಉಳಿಯೋದಿಲ್ಲ! ಎಷ್ಟು ಕೆರೆಯಬೇಕು ಅನ್ನೋದಕ್ಕೆ ಮೊದಲು ಅಲ್ಲಲ್ಲಿ ಕೋರ್ ತೆಗೆದು ನೋಡಲೇಬೇಕು.

ಶಿರಾಡಿ ಹೇಳೋ ಪಾಠ

ಬೆಂಗಳೂರು ಬಿಟ್ಟು ಹೆದ್ದಾರಿಗೆ ಬರೋಣ. ಮಂಗಳೂರು ಕಡೆಯ ಗೆಳೆಯರಿಗೆ ಶಿರಾಡಿ ಘಾಟ್ ಬಗ್ಗೆ ಹೇಳೋದೇ ಬೇಡ. ಬಂದರಿನಿಂದ ಬರೋ ಭಾರಿ ಲಾರಿ, ಟ್ಯಾಂಕರ್‌ಗಳು, ಏರು, ತಿರುವು, ಜೊತೆಗೆ ಘಟ್ಟದ ಮಳೆ. ಡಾಂಬರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇನ್ನೊಂದಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಅಲ್ಲಿ ರಸ್ತೆ ಹುಡುಕಬೇಕಾಗಿತ್ತು. 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ರಸ್ತೆ ಮಾಡಿದರು. ಗಾಡಿಗಳು ಚಾರ್ಮಾಡಿ, ಸಂಪಾಜೆ ಕಡೆಯಿಂದ ಸುತ್ತಿ ಹೋದವು. ಇಂಥ ಕಡೆ ಕಾಂಕ್ರೀಟ್ ಸರಿಯಾದ ಆಯ್ಕೆ ಅನ್ನೋದರಲ್ಲಿ ನಮಗೆ ಅನುಮಾನ ಇಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರ ಜುಲೈನಲ್ಲಿ ರಸ್ತೆ ತೆರೀತು, ಆಗಸ್ಟಿನ ಮಹಾಮಳೆಗೆ ಗುಡ್ಡ ಕುಸಿದು ಮತ್ತೆ ಮುಚ್ಚಿತು. ರಸ್ತೆಯ ಮೇಲ್ಮೈ ಎಷ್ಟು ಗಟ್ಟಿಯಿದ್ದರೇನು, ಪಕ್ಕದ ಗುಡ್ಡ ಮತ್ತು ನೀರಿನ ದಾರಿ ಸರಿಯಿಲ್ಲದಿದ್ದರೆ? ಬೆಂಗಳೂರಿನ ಪೈಪು, ಶಿರಾಡಿಯ ಗುಡ್ಡ, ಎರಡೂ ಹೇಳೋದು ಒಂದೇ: ಮೇಲ್ಪದರ ಅನ್ನೋದು ವ್ಯವಸ್ಥೆಯ ಕೊನೆಯ ಹಂತ, ಮೊದಲ ಹಂತ ಅಲ್ಲ.

ಸಿಮೆಂಟಿನ ಹೊಗೆ

ಪರಿಸರದ ಪ್ರಶ್ನೆಯನ್ನ ಬಿಟ್ಟು ಹೋಗೋಕಾಗಲ್ಲ. 1 ಕಿ.ಮೀ. ಉದ್ದ, 7 ಮೀ. ಅಗಲ, 15 ಸೆಂ.ಮೀ. ದಪ್ಪ ಅಂದ್ರೆ 1,050 ಘನ ಮೀಟರ್ ಕಾಂಕ್ರೀಟ್. ಘನ ಮೀಟರಿಗೆ 400 ಕೆ.ಜಿ. ಸಿಮೆಂಟ್ ಅಂತ ಹಿಡಿದರೆ 420 ಟನ್. ಸಾದಾ ಸಿಮೆಂಟ್ ಒಂದು ಟನ್ನಿಗೆ 0.8 ಟನ್‌ಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ, ಅದರಲ್ಲಿ ದೊಡ್ಡ ಪಾಲು ಸುಣ್ಣದ ಕಲ್ಲು ಒಡೆಯೋದರಿಂದಲೇ. ಅಂದ್ರೆ ಒಂದು ಕಿಲೋಮೀಟರಿಗೆ 330 ಟನ್‌ಗೂ ಹೆಚ್ಚು. ಡಾಂಬರು ಕೂಡ ಕಚ್ಚಾತೈಲದಿಂದ ಬಂದದ್ದೇ, ಅದನ್ನ ಕಾಯಿಸೋಕೂ ಇಂಧನ ಬೇಕು, ಹಾಗಾಗಿ ಅದೇನೂ ಸಾಧು ಅಲ್ಲ. ಆದರೆ ಬೇಡದ ಕಡೆ ಕಾಂಕ್ರೀಟ್ ಹಾಕಬಾರದು ಅನ್ನೋದಕ್ಕೆ ಇದು ಇನ್ನೊಂದು ಕಾರಣ.

ಹಾಕಲೇಬೇಕಾದ ಕಡೆ ದಾರಿ ಇದೆ. ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಸ್ಲ್ಯಾಗ್ ಬರುತ್ತೆ, ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಹಾರುಬೂದಿ ಬರುತ್ತೆ. ಇವನ್ನ ಸಿಮೆಂಟಿನ 30% ಜಾಗಕ್ಕೆ ಬಳಸಿದರೆ ಕಿಲೋಮೀಟರಿಗೆ 126 ಟನ್ ಸಿಮೆಂಟ್ ಉಳಿಯುತ್ತೆ, ಸುಮಾರು 100 ಟನ್ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತೆ. ಇಂಥ ಕಾಂಕ್ರೀಟ್ ಬಲ ಪಡೆಯೋದು ಸ್ವಲ್ಪ ನಿಧಾನ, ನೀರುಣಿಸೋದನ್ನ ಇನ್ನೂ ಶಿಸ್ತಾಗಿ ಮಾಡಬೇಕು. ಮತ್ತೆ ಅದೇ ಟ್ಯಾಂಕರ್ ಪ್ರಶ್ನೆಗೆ ಬಂದ್ವಿ ನೋಡಿ.

"ಜನಕ್ಕೆ ಬೇಕಿರೋದು ಗುಂಡಿ ಇಲ್ಲದ ರಸ್ತೆ" ಅಂದರೆ?

ನಮ್ಮ ವಾದಕ್ಕೆ ಬರೋ ಗಟ್ಟಿಯಾದ ಆಕ್ಷೇಪ ಇದು: "ಇಷ್ಟೆಲ್ಲ ಲೆಕ್ಕ ಹಾಕ್ತಾ ಕೂತರೆ ರಸ್ತೆ ಆಗೋದು ಯಾವಾಗ? ನಮ್ಮ ವ್ಯವಸ್ಥೆಯಲ್ಲಿ ಡಾಂಬರಿನ ನಿರ್ವಹಣೆ ಸಾಧ್ಯವೇ ಇಲ್ಲ, ವರ್ಷ ವರ್ಷ ಗುಂಡಿ ಮುಚ್ಚೋ ಟೆಂಡರ್ ತಪ್ಪಲ್ಲ. ಅದಕ್ಕೇ ಒಂದು ಸಲ ಕಾಂಕ್ರೀಟ್ ಹಾಕಿಬಿಡೋದು ಮೇಲು." ಇದರಲ್ಲಿ ನಿಜ ಇದೆ. ನಿರ್ವಹಣೆ ಮಾಡದ ಊರಿಗೆ ನಿರ್ವಹಣೆ ಬೇಡದ ರಸ್ತೆ ಒಪ್ಪುತ್ತೆ ಅನ್ನೋ ತರ್ಕ ಅದು. ಆದರೆ ಕಾಂಕ್ರೀಟ್ ರಸ್ತೆಗೂ ನಿರ್ವಹಣೆ ಬೇಕು. ಗೆರೆಗಳ ಸೀಲ್ ಹೋದರೆ ನೀರು ಇಳಿಯುತ್ತೆ, ಚೌಕ ಅಲುಗಾಡುತ್ತೆ, ಮೂಲೆ ಮುರಿಯುತ್ತೆ. ಡಾಂಬರಿನ ಗುಂಡಿ ಮುಚ್ಚೋಕೆ ಒಂದು ರಾತ್ರಿ ಸಾಕು, ಮುರಿದ ಚೌಕಕ್ಕೆ ದಿನಗಳು ಬೇಕು. ಕೆಟ್ಟ ಅಭ್ಯಾಸವನ್ನ ಗಟ್ಟಿ ವಸ್ತುವಿನಿಂದ ಮುಚ್ಚಿದರೆ ಅಭ್ಯಾಸ ಬದಲಾಗಲ್ಲ, ಅದರ ಬಿಲ್ ದೊಡ್ಡದಾಗುತ್ತೆ.

ಹಾಗಾದರೆ ಏನಾಗಬೇಕು

ನಾವು ಕೇಳೋದು ನಾಲ್ಕೇ ವಿಷಯ.

ಒಂದು, ರಸ್ತೆಗಳನ್ನ ವಿಂಗಡಿಸಿ. ಬಸ್ ಮಾರ್ಗ, ಲಾರಿ ಮಾರ್ಗ, ಬಸ್‌ಸ್ಟಾಪು, ಸಿಗ್ನಲ್, ಘಾಟ್ ಇವು ಮೊದಲು. ಪೂರ್ತಿ ರಸ್ತೆಗೆ ದುಡ್ಡಿಲ್ಲದಿದ್ದರೆ ಬಸ್ ನಿಲ್ಲೋ ಜಾಗಕ್ಕಷ್ಟೇ ಹಾಕಿ, ಅಷ್ಟಕ್ಕೇ ಎಷ್ಟೋ ಗುಂಡಿ ತಪ್ಪುತ್ತೆ. ಒಳರಸ್ತೆಗಳಿಗೆ ಒಳ್ಳೇ ಡಾಂಬರು, ಒಳ್ಳೇ ಮೋರಿ ಸಾಕು.

ಎರಡು, ಕಾಂಕ್ರೀಟಿಗೆ ಮೊದಲು ಎಲ್ಲ ಸಂಸ್ಥೆಗಳೂ ತಮ್ಮ ಕೆಲಸ ಮುಗಿಸಿ ಸಹಿ ಹಾಕಲಿ. ರಸ್ತೆ ದಾಟೋಕೆ ಅಲ್ಲಲ್ಲಿ ಖಾಲಿ ಕೊಳವೆ ಬಿಟ್ಟಿರಲಿ. ಆಮೇಲೂ ಅಗೆಯಲೇಬೇಕಾದರೆ ಪೂರ್ತಿ ಚೌಕವೇ ಬದಲಾಗಲಿ, ತೇಪೆ ಬೇಡ.

ಮೂರು, ಪ್ರತಿ ಕಾಮಗಾರಿಯ ಜಾಗದಲ್ಲಿ ಕನ್ನಡದಲ್ಲಿ ಒಂದು ಬೋರ್ಡ್ ಇರಲಿ. ವಿನ್ಯಾಸದ ದಪ್ಪ ಎಷ್ಟು, ಕೋರ್ ತೆಗೆದಾಗ ಸಿಕ್ಕ ದಪ್ಪ ಎಷ್ಟು, ಯಾವ ದಿನ ಹಾಕಿದ್ದು, ಯಾವ ದಿನದ ತನಕ ನೀರುಣಿಸಬೇಕು, ದೋಷ ಬಂದರೆ ಎಷ್ಟು ವರ್ಷ ಗುತ್ತಿಗೆದಾರರ ಹೊಣೆ. ಮುಂದಿನ ಅಂಗಡಿಯವರಿಗೆ ಓದೋಕೆ ಬರೋ ಭಾಷೆಯಲ್ಲಿ ಈ ಐದು ಸಾಲು ಇದ್ದರೆ, ದಿನವಿಡೀ ಕಣ್ಣಿಡೋ ಇನ್‌ಸ್ಪೆಕ್ಟರ್‌ಗಳು ಪುಕ್ಕಟೆ ಸಿಕ್ಕ ಹಾಗೆ.

ನಾಲ್ಕನೇದು ನಮಗೇ ಸೇರಿದ್ದು. ಫೈನಲ್ ಇಯರ್ ಪ್ರಾಜೆಕ್ಟ್ ಅಂತ ಎಲ್ಲೋ ಸಿಗೋ ರೆಡಿಮೇಡ್ ವಿಷಯ ತಗೊಳ್ಳೋ ಬದಲು ಕಾಲೇಜಿನಿಂದ ಬಸ್‌ಸ್ಟಾಪ್ ತನಕದ ಒಂದು ರಸ್ತೆ ತಗೊಳ್ಳಿ. ಸಿವಿಲ್‌ನವರು ಚೌಕಗಳಿಗೆ ನಂಬರ್ ಹಾಕಿ ಬಿರುಕಿನ ನಕ್ಷೆ ಬರೀಲಿ, ಬಸ್ಸು ಲಾರಿ ಎಣಿಸಲಿ. ಸಿಎಸ್‌ನವರು ಫೋನಿನ ಫೋಟೋದಿಂದ ಬಿರುಕು ಗುರುತಿಸೋ ಪ್ರೋಗ್ರಾಂ ಬರೀಲಿ. ಇಸಿಯವರು ಫೋನಿನ ಆಕ್ಸಿಲೆರೋಮೀಟರ್‌ನಿಂದ ರಸ್ತೆಯ ಒರಟುತನ ಅಳೀಲಿ. ಮುಂದಿನ ವರ್ಷದವರು ಅದೇ ರಸ್ತೆಯಲ್ಲಿ ಅದನ್ನೇ ಮತ್ತೆ ಅಳೀಲಿ. ಐದು ವರ್ಷ ಹೀಗೆ ನಡೆದರೆ ನಮ್ಮ ಹತ್ತಿರ ಒಂದು ರಸ್ತೆಯ ನಿಜವಾದ ಜಾತಕ ಇರುತ್ತೆ. ಆಗ ಕ್ಯಾಂಟೀನಿನ ಎರಡೂ ಪಕ್ಷಕ್ಕೆ ಜಗಳ ಆಡೋಕೆ ಅಂಕಿ ಸಿಗುತ್ತೆ.

ಸಿವಿಲ್ ಸೇರಿದವರಲ್ಲಿ ಅರ್ಧಕ್ಕರ್ಧ ಜನ ಕೋಡಿಂಗ್ ಕೆಲಸಕ್ಕೆ ಹೋಗ್ತಾರೆ ಅನ್ನೋದು ನಮಗೂ ಗೊತ್ತು, ಅದಕ್ಕೆ ಯಾರನ್ನೂ ದೂರೋದಿಲ್ಲ. ಆದರೆ ಕೋಡ್ ಬರೆಯೋಕೆ ಆಫೀಸಿಗೆ ಹೋಗೋದೂ ಇದೇ ರಸ್ತೆಯಲ್ಲೇ. ಈ ಸೆಮಿಸ್ಟರ್‌ನಲ್ಲಿ ರಸ್ತೆ ಅಳೆಯೋಕೆ ಆಸಕ್ತಿ ಇರೋರು ಯಾವ ಬ್ರ್ಯಾಂಚಿನವರಾದರೂ ಸರಿ, ಕನ್ನಡ ಸಂಘಕ್ಕೆ ಹೆಸರು ಕೊಡಿ. ನಮ್ಮ ಲೆಕ್ಕ ತಪ್ಪು ಅನ್ಸಿದವರು ನಿಮ್ಮ ಲೆಕ್ಕ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಕೊಟ್ಟು ಹಾಕ್ತೀವಿ.